ಇಲ್ಲಿ ಯಾಕೆ ಬಂದ್ರಿ?

ಮಾಟುಂಗದಲ್ಲಿ ನಮ್ಮ ಕನ್ನಡ ಬಳಗದವರು ಸೇರುವ ಭಾನುವಾರದ ಕೂಟದಲ್ಲಿ ಆಡಿದ ಮಾತು ಇದು. ಆಮೇಲೆ ಬರೆದು ಕೊಡಿ ಅಂದರು. ಬರೆಯುವಾಗ ಅರ್ಧ ಮರಾಠಿ ತೆಗೆದಿದ್ದೇನೆ, ಅರ್ಧ ಹಾಗೇ ಬಿಟ್ಟಿದ್ದೇನೆ. ನಮ್ಮ ಮುಂಬೈ ಕನ್ನಡದಿಂದ ಅದನ್ನು ಪೂರ್ತಿ ಕೀಳಲು ಹೋದರೆ ಕನ್ನಡವೂ ಜೊತೆಗೆ ಕಿತ್ತು ಬರುತ್ತದೆ.

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ? ಸರಿ.

ಕಾರ್ಯದರ್ಶಿಗಳು ನನ್ನನ್ನು ‘ಸಾಹಸಿ ಮಹಿಳೆ’ ಅಂತ ಪರಿಚಯ ಮಾಡಿಕೊಟ್ಟರು. ನಾನು ಬ್ಯಾಂಕಿನಲ್ಲಿ ಕೌಂಟರಿನ ಹಿಂದೆ ಕೂತು ನಿವೃತ್ತಳಾದವಳು. ಮುಲುಂಡಿನಲ್ಲಿ ಮನೆ. ರಜೆ ಸಿಕ್ಕಾಗ ಬೆನ್ನಿಗೊಂದು ಚೀಲ ಹಾಕಿಕೊಂಡು ಹೋಗುತ್ತಿದ್ದೆ, ಈಗಲೂ ಮೊಣಕಾಲು ಒಪ್ಪಿದರೆ ಹೋಗುತ್ತೇನೆ. ಬೆಟ್ಟದ ತುದಿಯಲ್ಲಿ ಬಾವುಟ ಹಿಡಿದು ನಿಂತ ಫೋಟೋ ಒಂದೂ ನನ್ನ ಹತ್ತಿರ ಇಲ್ಲ. ಇವತ್ತು ನಾನು ಹೇಳುವುದು ಒಂದು ಪ್ರಶ್ನೆಯ ವಿಷಯ. ಮೂವತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ, ಎಲ್ಲಿಗೆ ಹೋದರೂ, ಅಲ್ಲಿನವರು ನನ್ನನ್ನು ಕೇಳಿದ ಒಂದೇ ಪ್ರಶ್ನೆ. ಇಲ್ಲಿ ಯಾಕೆ ಬಂದ್ರಿ?

ಮೊದಲು ಕೇಳಿದ್ದು ಹೊರಗಿನವರಲ್ಲ, ನನ್ನ ಅಪ್ಪ. ಅಪ್ಪ ಕುಂದಾಪುರದ ಕಡೆಯವರು. 1946ರಲ್ಲಿ, ಹದಿಮೂರನೇ ವಯಸ್ಸಿಗೆ, ಒಂದು ತಗಡಿನ ಟ್ರಂಕು ಹಿಡಿದುಕೊಂಡು ಮುಂಬೈಯ ಫೋರ್ಟಿನ ಒಂದು ಉಡುಪಿ ಹೋಟೆಲಿಗೆ ಬಂದವರು. ಹಗಲು ಮೇಜು ಒರೆಸುವುದು, ರಾತ್ರಿ ಕನ್ನಡ ನೈಟ್ ಸ್ಕೂಲು. ಇಲ್ಲಿ ಕೂತ ಎಷ್ಟೋ ಮನೆಗಳ ಕಥೆ ಇದೇ ಅಲ್ವಾ. 1989ರಲ್ಲಿ ನಾನು ಬ್ಯಾಂಕಿನ ಗೆಳತಿಯ ಸ್ಯಾಕ್ ಸಾಲ ತಂದು, ಹಾಲ್‌ನಲ್ಲಿ ಕೂತು ಅದಕ್ಕೆ ಬಟ್ಟೆ ತುಂಬುತ್ತಿದ್ದೆ. ಅಪ್ಪ ಪೇಪರ್ ಕೆಳಗಿಟ್ಟು ಕೇಳಿದರು: ‘ಎಂತಕ್ ಹ್ವಾಪುದ್ ಮಾರಾಯ್ತಿ ಅಲ್ಲಿಗೆ?’ ಬೆಟ್ಟ ನೋಡಲಿಕ್ಕೆ ಅಂದೆ. ‘ಬೆಟ್ಟ ಊರಂಗೆ ಇಲ್ಯಾ?’ ಅಂದರು. ಇತ್ತು. ಮನೆಯ ಹಿಂದೆಯೇ ಇತ್ತು. ಅದನ್ನು ಬಿಟ್ಟು ಬರಲೇಬೇಕಾಗಿ ಬಂದವರಿಗೆ ನಾನು ಏನು ಉತ್ತರ ಕೊಡುವುದು? ‘ಸುಮ್ನೆ’ ಅಂದೆ. ಅವರು ಪೇಪರ್ ಎತ್ತಿಕೊಂಡರು.

ಆ ಸಲ ಹೋದದ್ದು ಹರಿಶ್ಚಂದ್ರಗಡಕ್ಕೆ, ಸಹ್ಯಾದ್ರಿಯ ಒಂದು ಬೆಟ್ಟದ ಕೋಟೆ ಅದು. ಕಲ್ಯಾಣದಿಂದ ಆಳೇಫಾಟಾ ಕಡೆ ಹೋಗುವ ಎಸ್‌ಟಿ ಬಸ್ಸು ಹತ್ತಿ, ಮಾಳಶೇಜ್ ಘಾಟಿ ದಾಟಿ, ಖುಬಿ ಫಾಟಾದಲ್ಲಿ ಇಳಿದು, ಖಿರೇಶ್ವರ ಅನ್ನುವ ಊರಿಗೆ ನಡೆಯಬೇಕು. ನಾವು ಆರು ಜನ, ಮೂರು ಹೆಂಗಸರು. ಎಲ್ಲರ ಕಾಲಲ್ಲೂ ಬಾಟಾದ ಕ್ಯಾನ್ವಾಸ್ ಶೂ. ನನ್ನ ಸ್ಯಾಕಿನಲ್ಲಿ ಒಂದು ಸೀರೆಯೂ ಇತ್ತು. ಯಾಕೆ ಇಟ್ಟುಕೊಂಡಿದ್ದೆ ಅಂತ ಇವತ್ತಿಗೂ ಗೊತ್ತಿಲ್ಲ. ರಾತ್ರಿ ಅದೇ ಹೊದಿಕೆ ಆಯಿತು ಅನ್ನಿ.

ಖಿರೇಶ್ವರ ಮುಟ್ಟುವಾಗ ಕತ್ತಲು. ಒಂದು ಮನೆಯ ಮುಂದೆ ನೀರು ಕೇಳಿದೆವು. ಮುದುಕಿಯೊಬ್ಬಳು ಲಾಟೀನು ಎತ್ತಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. ಮೊದಲ ಮಾತು ‘ಜೇವ್ಲಾತ್ ಕಾ?’ ಊಟ ಆಯ್ತಾ? ಎರಡನೆಯದು ‘ಇಥಂ ಕಶಾಲಾ ಆಲಾತ್?’ ಇಲ್ಲಿ ಯಾಕೆ ಬಂದ್ರಿ? ಈ ಕ್ರಮವನ್ನು ಗಮನಿಸಿ. ಆಮೇಲೆ ಎಷ್ಟೋ ಊರು ನೋಡಿದ್ದೇನೆ, ಈ ಕ್ರಮ ತಪ್ಪಿದ್ದು ಕಡಿಮೆ. ಊಟದ ವಿಚಾರ ಮೊದಲು, ವಿಚಾರಣೆ ಆಮೇಲೆ. ನಮ್ಮ ಸೊಸೈಟಿಯ ಗೇಟಿನಲ್ಲಿ ಮೊದಲು ರಿಜಿಸ್ಟರಿನಲ್ಲಿ ಹೆಸರು, ಫ್ಲ್ಯಾಟ್ ನಂಬರು. ಊಟದ ಕಾಲಮ್ಮೇ ಇಲ್ಲ.

ಒಲೆಯ ಮುಂದೆ ಕೂರಿಸಿದಳು. ಗೋಡೆ ಕಾರ್ವಿಯ ಕಡ್ಡಿಯದು, ಮೇಲೆ ಸೆಗಣಿ ಮೆತ್ತಿದ್ದು. ಏಳೆಂಟು ವರ್ಷಕ್ಕೊಮ್ಮೆ ಬೆಟ್ಟವೆಲ್ಲ ನೇರಳೆ ಮಾಡುತ್ತದಲ್ಲ, ಆ ಕಾರ್ವಿ. ಬಾಬಾಬುಡನ್‌ಗಿರಿಯಲ್ಲಿ ಅರಳುವ ಕುರಿಂಜಿಯ ಒಡಹುಟ್ಟು. ಹೂವು ನೋಡಲು ನಾವು ಓಡುತ್ತೇವೆ, ಅವರಿಗೆ ಅದು ಗೋಡೆ. ಅವಳು ಕಪ್ಪಗಿನ ಹಿಟ್ಟು ತೆಗೆದು ಅಂಗೈಯಲ್ಲಿ ತಟ್ಟತೊಡಗಿದಳು. ‘ನಾಚಣಿ’ ಅಂದಳು. ನೋಡಿದರೆ ನಮ್ಮ ರಾಗಿ! ನಾನು ಖುಷಿಯಿಂದ ನಮ್ಮ ಕಡೆಯೂ ಇದನ್ನು ತಿನ್ನುತ್ತಾರೆ, ಉಂಡೆ ಮಾಡಿ ನುಂಗುತ್ತಾರೆ ಅಂದೆ. ‘ಅಗಿಯುವುದಿಲ್ವಾ?’ ಅಂತ ಕೇಳಿದಳು. ಇಲ್ಲ ಅಂದೆ. ಬಹಳ ಹೊತ್ತು ನನ್ನನ್ನೇ ನೋಡಿದಳು. ಹಲ್ಲಿದ್ದೂ ಅಗಿಯದ ಜನ ಎಂಥವರು ಅನ್ನುವ ನೋಟ. ರಾಗಿ ಮುದ್ದೆಯ ಪರವಾಗಿ ವಾದ ಮಾಡುವಷ್ಟು ಮರಾಠಿ ನನಗೆ ಆಗ ಇರಲಿಲ್ಲ. ಸಾಲದ್ದಕ್ಕೆ ನಾನು ಮುದ್ದೆ ಸೀಮೆಯವಳೂ ಅಲ್ಲ.

ಭಾಷೆಯ ವಿಷಯ ಬಂದಿದ್ದಕ್ಕೆ ಒಂದು ಮಾತು. ಅವಳನ್ನು ನಾನು ಅಜ್ಜಿ ಅಂದೇ ಕರೆದೆ. ಮರಾಠಿಯಲ್ಲಿ ಆಜಿ, ಅಷ್ಟೇ ವ್ಯತ್ಯಾಸ. ಅವಳ ಮೊಮ್ಮಗ ನನ್ನನ್ನು ‘ತಾಈ’ ಅಂದ. ಮರಾಠಿಯಲ್ಲಿ ಅದು ಅಕ್ಕ. ಕನ್ನಡದ ಕಿವಿಗೆ ತಾಯಿ ಅಂತ ಕೇಳಿಸುತ್ತದೆ. ಇಪ್ಪತ್ತೈದನೇ ವಯಸ್ಸಿಗೆ ಹತ್ತು ವರ್ಷದ ಮಗ ಸಿಕ್ಕಿದ ಹಾಗಾಯಿತು.

ಮರುದಿನ ಅವನೇ ದಾರಿ ತೋರಿಸಲು ಬಂದ. ತೋಲಾರ ಖಿಂಡಿಯಲ್ಲಿ ಹುಲಿಯ ಕೆತ್ತನೆ ಇರುವ ಒಂದು ಕಲ್ಲಿದೆ. ಅದಕ್ಕೆ ಕೈಮುಗಿದು ಮುಂದೆ ಹೋದ. ನಮ್ಮ ಕಡೆ ಹುಲಿದೇವರ ಕಲ್ಲು ಇಲ್ವಾ, ಹಾಗೇ. ಮೇಲೆ ಕೇದಾರೇಶ್ವರದ ಗುಹೆ. ನಡುವೆ ಆಳೆತ್ತರದ ಲಿಂಗ, ಸುತ್ತ ಮಂಜುಗಡ್ಡೆಯಂಥ ನೀರು. ನಾಲ್ಕು ಕಂಬಗಳಲ್ಲಿ ಈಗ ನಿಂತಿರುವುದು ಒಂದೇ. ಒಂದೊಂದು ಯುಗ ಮುಗಿದಾಗ ಒಂದೊಂದು ಬಿತ್ತು, ಇದೂ ಬಿದ್ದರೆ ಲೋಕ ಮುಗಿಯಿತು ಅಂತ ಹುಡುಗ ಹೇಳಿದ. ಹೇಳುತ್ತಲೇ ಅದೇ ಕಂಬಕ್ಕೆ ಒರಗಿ ಮೂಗು ಒರೆಸಿಕೊಂಡ.

ಅಲ್ಲಿಂದ ಕೋಕಣಕಡಾ. ಬಂಡೆಯ ಗೋಡೆ ಒಳಕ್ಕೆ ಬಾಗಿ, ಕೆಳಗೆ ಕೊಂಕಣ. ಬೆನ್ನ ಹಿಂದೆ ಸೂರ್ಯ, ಎದುರಿಗೆ ಕೆಳಗಡೆ ಮಂಜು, ಎರಡೂ ಹೊಂದಿಕೊಂಡರೆ ನಿಮ್ಮದೇ ನೆರಳು ಮಂಜಿನ ಮೇಲೆ ಬಿದ್ದು ಅದರ ಸುತ್ತ ದುಂಡಗಿನ ಕಾಮನಬಿಲ್ಲು ಮೂಡುತ್ತದೆ. ಇಂದ್ರವಜ್ರ ಅಂತಾರೆ. 1835ರಲ್ಲಿ ಕರ್ನಲ್ ಸೈಕ್ಸ್ ಅನ್ನುವ ಇಂಗ್ಲಿಷ್ ಅಧಿಕಾರಿ ಇಲ್ಲೇ ನೋಡಿದ ಅಂತ ಟ್ರೆಕ್ಕಿಂಗಿನವರು ಎಲ್ಲರೂ ಹೇಳುತ್ತಾರೆ. ನಾನು ನಾಲ್ಕು ಸಲ ಹೋಗಿದ್ದೇನೆ. ನಾಲ್ಕು ಸಲವೂ ಬರೀ ಮಂಜು. ಹುಡುಗನನ್ನು ಕೇಳಿದೆ, ನೀನು ನೋಡಿದ್ದೀಯಾ? ‘ದನ ಕಾಯುವಾಗ ಎಷ್ಟೋ ಸಲ’ ಅಂದ. ಬಾಗಿಲು ತೆಗೆದರೆ ಎದುರು ಮನೆ ಕಾಣುತ್ತದೆ ಅನ್ನುವ ಧಾಟಿಯಲ್ಲಿ.

ಹೊರಡುವಾಗ ಅಜ್ಜಿಗೆ ದುಡ್ಡು ಕೊಡಲು ಹೋದೆವು. ಕೈ ಹಿಂದಕ್ಕೆಳೆದುಕೊಂಡಳು. ನಮಗೆ ಅದು ಬಹಳ ಹಿಡಿಸಿತು. ಆಹಾ, ಹಳ್ಳಿಯವರ ಮನಸ್ಸು ನೋಡಿ ಅಂತ ದಾರಿಯುದ್ದಕ್ಕೂ ಹೊಗಳಿದೆವು. ಆ ಹೊಗಳಿಕೆಯ ಬಗ್ಗೆ ಈಗ ನನಗೆ ನಾಚಿಕೆ ಇದೆ. ಆರು ಜನ ಎರಡು ಹೊತ್ತು ಉಂಡೆವು. ಅದು ಅವಳು ಮಳೆಗಾಲಕ್ಕೆ ಎತ್ತಿಟ್ಟಿದ್ದ ಹಿಟ್ಟು. ನಾವು ಅವಳ ಮನಸ್ಸನ್ನು ಹೊಗಳಿದೆವು, ಡಬ್ಬಿಯೊಳಗೆ ಎಷ್ಟು ಉಳಿಯಿತು ಅಂತ ಇಣುಕಿ ನೋಡಲಿಲ್ಲ. ಎರಡನೇ ಸಲ ಹೋಗುವಾಗ ಚಹಾಪುಡಿ, ಸಕ್ಕರೆ, ಎಣ್ಣೆ ಒಯ್ದೆ. ಅದನ್ನು ಬೇಡ ಅನ್ನಲಿಲ್ಲ.

ಈಗ ಆ ಕಡೆ ಹಳ್ಳಿಗಳಲ್ಲಿ ‘ಚಹಾ-ಪೋಹಾ, ವೆಜ್ ಥಾಳಿ, ಟೆಂಟ್ ಸಿಗುತ್ತದೆ’ ಅಂತ ಬೋರ್ಡು, ಬಾಗಿಲಲ್ಲಿ ಕ್ಯೂಆರ್ ಕೋಡು. ನಮ್ಮ ಕಾಲದ ಟ್ರೆಕ್ಕಿಂಗ್ ಗೆಳೆಯರು ಸಿಕ್ಕಾಗಲೆಲ್ಲ ಕೊರಗುತ್ತಾರೆ. ಎಲ್ಲ ವ್ಯಾಪಾರ ಆಗಿಹೋಯ್ತು, ಮುಂಚಿನ ಜನ ಇಲ್ಲ ಅಂತ. ನಾನು ಒಪ್ಪುವುದಿಲ್ಲ. ಥಾಳಿಗೆ ರೇಟು ಬರೆದವಳು ಆ ಅಜ್ಜಿಯಂಥವರ ಸೊಸೆಯೇ. ಅತ್ತೆಯ ಡಬ್ಬಿ ಖಾಲಿಯಾಗಿದ್ದನ್ನು ನೋಡಿದವಳು. ಇಂಥ ವ್ಯಾಪಾರ ಬೇಕು. ವೀಕೆಂಡಿನಲ್ಲಿ ಐನೂರು ಜನ ಬಂದು ರಾತ್ರಿಯೆಲ್ಲ ಸ್ಪೀಕರ್ ಹಾಕುತ್ತಾರಲ್ಲ, ಅದು ಬೇರೆ ರೋಗ. ಅದರ ಬಗ್ಗೆ ಮಾತಾಡಲು ಶುರು ಮಾಡಿದರೆ ನಿಮಗೆ ಮನೆಗೆ ಹೋಗಲು ಕೊನೆಯ ಲೋಕಲ್ಲೇ ಗತಿ.

ಅದೇ ಮಾಳಶೇಜ್ ರಸ್ತೆಯಿಂದ ಹತ್ತುವ ಇನ್ನೊಂದು ಜಾಗ ನಾಣೇಘಾಟ್. ನಾವು ದೂರದ ಮೂಲೆ, ಕೊಂಪೆ ಅಂತೆಲ್ಲ ಹೇಳುತ್ತೇವಲ್ಲ, ಆ ಮಾತು ನನಗೆ ಅಲ್ಲಿ ಬಾಯಲ್ಲೇ ನಿಂತಿತು. ಎರಡು ಸಾವಿರ ವರ್ಷದ ಹಿಂದೆ ಶಾತವಾಹನರ ಕಾಲದಲ್ಲಿ ಕರಾವಳಿಯ ಬಂದರುಗಳಿಂದ ಜುನ್ನರಕ್ಕೆ ಸರಕು ಹೋಗುತ್ತಿದ್ದ ದಾರಿ ಅದು. ಗುಹೆಯ ಗೋಡೆಯ ಮೇಲೆ ರಾಣಿ ನಾಗನಿಕೆಯ ಬ್ರಾಹ್ಮಿ ಶಾಸನ ಇದೆ. ಯಜ್ಞಗಳ ಪಟ್ಟಿ, ಕೊಟ್ಟ ದಾನದ ಲೆಕ್ಕ, ಅಂಕಿಗಳ ಸಮೇತ. ಕೌಂಟರಿನಲ್ಲಿ ಕೂತವಳಿಗೆ ಅಂಕಿ ಕಂಡರೆ ಸಾಕು, ನಾನು ಅಲ್ಲೇ ಅರ್ಧ ಗಂಟೆ ನಿಂತೆ. ಘಾಟಿಯ ಬಾಯಲ್ಲಿ ಕಲ್ಲಿನ ದೊಡ್ಡ ಹಂಡೆ, ಸುಂಕದ ನಾಣ್ಯ ಹಾಕುತ್ತಿದ್ದದ್ದು ಅಂತಾರೆ. ಅಂದರೆ ಟೋಲ್ ನಾಕಾ. ಅಲ್ಲಿ ಆಡು ಮೇಯಿಸುತ್ತಿದ್ದವನು ಕೇಳಿದ್ದೂ ಅದೇ ಪ್ರಶ್ನೆ, ಯಾಕೆ ಬಂದ್ರಿ? ಒಂದು ಕಾಲದಲ್ಲಿ ಇಲ್ಲಿ ಹಾದುಹೋದವರೆಲ್ಲ ಅದಕ್ಕೆ ಪಟ್ಟನೆ ಉತ್ತರ ಹೇಳುತ್ತಿದ್ದರು, ಇಷ್ಟು ಮೂಟೆ ಬಟ್ಟೆ, ಇಷ್ಟು ಎತ್ತು ಅಂತ. ಅಷ್ಟೂ ಜನರ ನಡುವೆ ಬರಿಗೈಲಿ ಬಂದವಳು ನಾನೊಬ್ಬಳೇ.

ಹಿಮಾಚಲದ ಸ್ಪಿತಿಯ ಕಥೆ ಬೇಗ ಮುಗಿಸುತ್ತೇನೆ. ಅದು ನನ್ನ ದಡ್ಡತನದ ಕಥೆ. ಸಾಲದ್ದಕ್ಕೆ ಈಗ ಅಲ್ಲಿಗೆ ಎಲ್ಲರೂ ಹೋಗಿ ಬಂದಿದ್ದೀರಿ. 2011ರಲ್ಲಿ ಹೋದೆ. ಮನಾಲಿ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಕುಂಜುಮ್ ಪಾಸ್ 4,500 ಮೀಟರ್ ದಾಟುತ್ತದೆ. ಒಂದೇ ದಿನದಲ್ಲಿ ಇಷ್ಟು ಹತ್ತಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನನಗೆ ರಜೆ ಒಂಬತ್ತು ದಿನ. ಹತ್ತಿದೆ. ಮರುದಿನ ಲಾಂಗ್ಜಾ ಅನ್ನುವ ಹಳ್ಳಿಯಲ್ಲಿ ತಲೆ ಒಡೆದು ಹೋಗುವ ನೋವು, ವಾಂತಿ. ಮನೆಯೊಡತಿ ನನ್ನ ಭಾಷೆಯ ಒಂದು ಅಕ್ಷರ ಬಾರದೆಯೇ ನನ್ನನ್ನು ಚೆನ್ನಾಗಿ ಬೈದಳು. ಬೈಗುಳಕ್ಕೆ ಅನುವಾದ ಬೇಡ ನೋಡಿ. ಹುರಿದ ಬಾರ್ಲಿಯ ಹಿಟ್ಟು ಚಹಾದಲ್ಲಿ ಕಲಸಿ ಒಂದೊಂದೇ ಚಮಚ ತಿನ್ನಿಸಿದಳು. ತಲೆನೋವು ಇಳಿಯದಿದ್ದರೆ ಕೆಳಗೆ ಕಾಜಾಕ್ಕೆ ಕಳಿಸಲು ಅಂತ ಪಕ್ಕದ ಮನೆಯವನ ಜೀಪನ್ನೂ ನಿಲ್ಲಿಸಿಟ್ಟಿದ್ದಳು. ಮೂರನೇ ದಿನ ಎದ್ದು ಕೂತಾಗ ಅವಳ ಮಗಳು ಒಂದು ಕಲ್ಲು ತಂದು ತೋರಿಸಿದಳು. ಸುರುಳಿ ಸುರುಳಿ ಗುರುತು. ನಮ್ಮ ಅಜ್ಜಿಯ ದೇವರ ಪೆಟ್ಟಿಗೆಯ ಸಾಲಿಗ್ರಾಮ! ಎರಡೂ ಒಂದೇ, ಹಿಮಾಲಯ ಏಳುವ ಮೊದಲು ಅಲ್ಲಿದ್ದ ಸಮುದ್ರದ ಜೀವಿಯ ಅಚ್ಚು. ಕುಂದಾಪುರದ ಕಡಲ ಬದಿಯವಳು ಕಡಲ ಚಿಪ್ಪನ್ನು ನೋಡಲು ಅಷ್ಟು ಎತ್ತರಕ್ಕೆ ಹೋಗಿದ್ದೆ. ಹಿಕ್ಕಿಮ್‌ನ ಪೋಸ್ಟ್ ಆಫೀಸು ಅಲ್ಲೇ ಹತ್ತಿರ, ಸುಮಾರು 4,400 ಮೀಟರ್ ಎತ್ತರದಲ್ಲಿ. ಅಲ್ಲಿಂದ ಅಪ್ಪನಿಗೆ ಕಾರ್ಡು ಹಾಕಿದೆ. ನಾನು ಮನೆ ಸೇರಿ ಮೂರು ವಾರದ ಮೇಲೆ ಅದು ಬಂತು. ಅಪ್ಪ ಕನ್ನಡಕ ಹಾಕಿಕೊಂಡು ಓದಿ, ‘ಇದನ್ನೇ ನೀನು ಬಾಯಲ್ಲಿ ಹೇಳಿದ್ದೆಯಲ್ಲ’ ಅಂದರು. ಆದರೆ ಆ ಕಾರ್ಡು ಕೊನೆಯವರೆಗೂ ಅವರ ಹಾಸಿಗೆಯ ಕೆಳಗೇ ಇತ್ತು.

ಮೇಘಾಲಯದ ಬಗ್ಗೆ ನಿಧಾನವಾಗಿ ಹೇಳಬೇಕು. ಅಡಿಕೆಯ ವಿಷಯ ಅದು, ಅವಸರ ಮಾಡಬಾರದು.

ಚಿರಾಪುಂಜಿಯ ಹತ್ತಿರ ಟಿರ್ನಾ ಅನ್ನುವ ಊರಿಂದ ಮೂರು ಸಾವಿರಕ್ಕೂ ಹೆಚ್ಚು ಮೆಟ್ಟಿಲು ಇಳಿದರೆ ನಾಂಗ್ರಿಯಾಟ್. ಅಲ್ಲಿ ರಬ್ಬರ್ ಆಲದ ಜೀವಂತ ಬೇರುಗಳಿಂದ ಮಾಡಿದ ಸೇತುವೆ ಇದೆ, ಒಂದರ ಮೇಲೊಂದು ಎರಡು. ನಾನು ಅದನ್ನು ನೋಡುವ ಮೊದಲೇ, ಇಳಿದು ಕಾಲು ನಡುಗುತ್ತಿರುವಾಗಲೇ, ಒಬ್ಬ ಹೆಂಗಸು ಕರೆದು ಕೂರಿಸಿದಳು. ಅಲ್ಲಿ ಹೆಂಗಸರನ್ನು ಗೌರವದಿಂದ ‘ಕಾಂಗ್’ ಅಂತ ಕರೆಯುತ್ತಾರೆ, ಅಕ್ಕ ಅಂದ ಹಾಗೆ. ಕಾಂಗ್ ಒಂದು ತಟ್ಟೆ ಮುಂದೆ ತಳ್ಳಿದಳು. ಅಡಿಕೆ, ವೀಳ್ಯದೆಲೆ, ಸುಣ್ಣ. ಅವರ ಮಾತಿನಲ್ಲಿ ‘ಕ್ವಾಯ್’. ಮನೆಗೆ ಬಂದವರಿಗೆ ಮೊದಲು ಕ್ವಾಯ್.

ನನಗೆ ಜಂಬ ಬಂತು. ಅಡಿಕೆ ಅಂದರೆ ನಮಗೇನು ಹೊಸದಾ? ಚಾಲಿ ಗೊತ್ತು, ಕೆಂಪಡಿಕೆ ಗೊತ್ತು, ಅಜ್ಜಿ ಕುಟ್ಟಾಣಿಯಲ್ಲಿ ಕುಟ್ಟಿ ಕೊಟ್ಟದ್ದನ್ನು ತಿಂದು ಬೆಳೆದವಳು. ದೊಡ್ಡ ಹೋಳು ಬಾಯಿಗೆ ಹಾಕಿ ಅಗಿದೆ. ಅರ್ಧ ನಿಮಿಷ. ಕಿವಿ ಬಿಸಿಯಾಯಿತು. ಆಮೇಲೆ ಕುತ್ತಿಗೆ, ಹಣೆ. ಎದೆ ಡಬಡಬ. ಬೆವರು ಗಲ್ಲದಿಂದ ತೊಟ್ಟಿಕ್ಕಿತು. ನಮ್ಮ ಅಡಿಕೆ ಒಣಗಿದ್ದೋ ಬೇಯಿಸಿದ್ದೋ. ಅವರದು ಹಸಿ, ಹುದುಗು ಬಂದದ್ದು. ಕಾಂಗ್ ನಗು ತಡೆದುಕೊಂಡು ಒಂದು ಲೋಟ ನೀರು ಕೊಟ್ಟಳು. ನನ್ನ ಅಡಿಕೆಯ ಜಂಬ ಇಳಿದದ್ದು ಅಲ್ಲಿ.

ಅವಳ ತಮ್ಮನಿಗೆ ಹಿಂದಿ ಬರುತ್ತಿತ್ತು. ಅವನ ಮೂಲಕ ಮಾತು. ಹಳೆಯ ಕಾಲದಲ್ಲಿ ಅವರ ಜನ, ಖಾಸಿಗಳು, ದೂರವನ್ನು ಅಡಿಕೆಯಲ್ಲಿ ಅಳೆಯುತ್ತಿದ್ದರಂತೆ. ಆ ಊರಿಗೆ ಎಷ್ಟು ದೂರ ಅಂದರೆ ಎರಡು ಕ್ವಾಯ್, ಮೂರು ಕ್ವಾಯ್, ಅಂದರೆ ಅಷ್ಟು ಅಗಿದು ಮುಗಿಸುವಷ್ಟು ದಾರಿ. ಯಾರಾದರೂ ತೀರಿಕೊಂಡರೆ ದೇವರ ಮನೆಯಲ್ಲಿ ಕ್ವಾಯ್ ತಿನ್ನಲು ಹೋದರು ಅನ್ನುತ್ತಾರೆ. ಇದನ್ನು ಕೇಳಿದಾಗ ನನಗೆ ಅಜ್ಜಿಯ ಎಲೆ ಅಡಿಕೆಯ ಹರಿವಾಣ ಕಣ್ಣಿಗೆ ಬಂತು. ಅಜ್ಜಿ ಹೋದ ಮೇಲೆ ಅದನ್ನು ಯಾರೂ ಮುಟ್ಟಲಿಲ್ಲ, ಸುಣ್ಣ ಅಂಡೆಯಲ್ಲೇ ಗಟ್ಟಿಯಾಗಿ ಹೋಯಿತು.

ಆಮೇಲೆ ಸೇತುವೆ ನೋಡಿದೆ. ಬೇರನ್ನು ಹೊಳೆಯ ಆಚೆ ದಡದವರೆಗೆ ನಡೆಸಿಕೊಂಡು ಹೋಗಲು ಏನು ಮಾಡುತ್ತಾರೆ ಗೊತ್ತಾ? ಅಡಿಕೆ ಮರದ ಕಾಂಡ ಸೀಳಿ, ಒಳಗಿನ ತಿರುಳು ತೆಗೆದು, ದೋಣಿಯ ಹಾಗೆ ಮಾಡಿ ಅಡ್ಡ ಇಡುತ್ತಾರೆ. ಬೇರು ಅದರೊಳಗೆ ತೆವಳಿಕೊಂಡು ಆಚೆ ಮುಟ್ಟುತ್ತದೆ. ನಮ್ಮ ತೋಟದಲ್ಲಿ ನೀರು ಹರಿಸುವ ಅಡಿಕೆ ದಬ್ಬೆಯೇ! ಅಲ್ಲಿ ನೀರಿನ ಬದಲು ಬೇರು ಹರಿಯುತ್ತದೆ, ಅಷ್ಟೇ. ಜನ ನಡೆಯುವಷ್ಟು ಗಟ್ಟಿಯಾಗಲು ಹದಿನೈದು, ಇಪ್ಪತ್ತು, ಕೆಲವು ಕಡೆ ಇನ್ನೂ ಜಾಸ್ತಿ ವರ್ಷ ಬೇಕು. ಶುರು ಮಾಡಿದವನು ದಾಟುತ್ತಾನೆ ಅನ್ನುವ ಗ್ಯಾರಂಟಿ ಇಲ್ಲ.

ರಾತ್ರಿ ಕಾಂಗ್ ನನ್ನ ಮನೆಯ ವಿಚಾರ ಕೇಳಿದಳು. ಎಷ್ಟು ಜನ ಮಕ್ಕಳು ನಿಮ್ಮ ತಾಯಿಗೆ? ಮೂವರು, ನಾನೇ ಕೊನೆಯವಳು ಅಂದೆ. ಅವಳ ಮುಖ ಅರಳಿತು. ‘ಹಾಗಾದರೆ ಮನೆ ನಿಮ್ಮದು!’ ಖಾಸಿಗಳಲ್ಲಿ ಮನೆತನದ ಮನೆ ಕಿರಿಯ ಮಗಳಿಗೆ. ತಂದೆ ತಾಯಿಯನ್ನು ನೋಡಿಕೊಳ್ಳುವ ಹೊಣೆಯೂ ಅವಳದೇ. ನಾನು ಇಲ್ಲ, ಊರ ಮನೆ ಅಣ್ಣನದು ಅಂದೆ. ತಮ್ಮ ಅನುವಾದ ಮಾಡಿದ. ಅವಳಿಗೆ ಅರ್ಥ ಆಗಲಿಲ್ಲ, ಎರಡನೇ ಸಲ ಕೇಳಿದಳು. ‘ಅಪ್ಪ ಅಮ್ಮನನ್ನು ಯಾರು ನೋಡಿಕೊಳ್ಳುತ್ತಾರೆ?’ ನಾನು ಅಂದೆ. ‘ಮತ್ತೆ ಮನೆ?’ ಅಣ್ಣನದು. ಅವಳು ತಮ್ಮನ ಮುಖ ನೋಡಿದಳು, ನೀನು ಸರಿಯಾಗಿ ಹೇಳ್ತಾ ಇದ್ದೀಯಾ ಅನ್ನುವ ಹಾಗೆ. ಇಲ್ಲಿ ಅಳಿಯಕಟ್ಟಿನವರು, ಹೆಣ್ಣಿನ ಕಡೆಯಿಂದ ಮನೆತನ ನಡೆಸುವವರು, ಎಷ್ಟೋ ಜನ ಇದ್ದೀರಿ, ನಿಮ್ಮ ಅಜ್ಜಿಯರಿಗೆ ಅವಳ ಮಾತು ತಕ್ಷಣ ತಿಳಿಯುತ್ತಿತ್ತು. ನಮ್ಮದು ಮಕ್ಕಳಕಟ್ಟು. ಮಕ್ಕಳು ಅಂದರೆ ಗಂಡು ಮಕ್ಕಳು ಅಂತ ಬಿಡಿಸಿ ಹೇಳಬೇಕಾಗಿ ಬಂದದ್ದು ನನಗೆ ಅದೇ ಮೊದಲು. ನಾನು ಅವರ ಪದ್ಧತಿ ನೋಡಲು ಹೋಗಿದ್ದೆ. ಆ ರಾತ್ರಿ ನೋಡಿಸಿಕೊಂಡವಳು ನಾನು.

ಈಗ ಹತ್ತಿರದ ಊರಿಗೆ ಬರುತ್ತೇನೆ. ಇಲ್ಲಿಂದ ಕಸಾರಾ ಲೋಕಲ್ ಹತ್ತಿದರೆ ಎರಡು ಗಂಟೆ ಹಿಡಿಯದ ಊರು. ನಾನು ನೋಡಿದ ಜಾಗಗಳಲ್ಲಿ ಅತಿ ದೂರದ್ದು ಅದೇ.

2016ರ ಏಪ್ರಿಲ್. ಆಸನಗಾಂವ್‌ನಲ್ಲಿ ಇಳಿದು ಮಾಹುಲಿ ಕೋಟೆ ಹತ್ತಲು ಹೋಗಿದ್ದೆವು, ನಾನು ಮತ್ತು ಗೆಳತಿ. ಏಪ್ರಿಲ್‌ನಲ್ಲಿ ಮಾಹುಲಿ ಹತ್ತುವುದು ಹುಚ್ಚು. ಗೊತ್ತಿದ್ದೂ ಹೋದೆವು. ಇಳಿಯುವಾಗ ದಾರಿ ತಪ್ಪಿತು. ನೀರು ಮುಗಿದಿತ್ತು. ಒಣಗಿದ ಸಾಗುವಾನಿ ಕಾಡು, ಕಾಲಡಿಯಲ್ಲಿ ಎಲೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು. ನಡು ಮಧ್ಯಾಹ್ನ ಒಂದು ಪಾಡಾಕ್ಕೆ ಬಂದು ಬಿದ್ದೆವು. ಠಾಕರ್ ಆದಿವಾಸಿಗಳ ಹತ್ತಿಪ್ಪತ್ತು ಮನೆ. ಬಾವಿಯ ಸುತ್ತ ಹೆಂಗಸರು ಸಾಲಾಗಿ ಕೂತಿದ್ದರು, ಪ್ರತಿಯೊಬ್ಬರ ಮುಂದೆ ಹಂಡೆ, ಕಳಶಿ.

ನಮ್ಮನ್ನು ನೋಡಿ ಒಬ್ಬಳು ಎದ್ದಳು. ನನ್ನಷ್ಟೇ ವಯಸ್ಸು. ಏನೂ ಕೇಳಲಿಲ್ಲ. ತನ್ನ ಕಳಶಿಯಿಂದ ಒಂದು ತಂಬಿಗೆ ನೀರು ತೆಗೆದು ನನ್ನ ಕೈಗೆ ಕೊಟ್ಟಳು. ಕೆಂಪಗೆ, ಮಣ್ಣಿನ ರುಚಿಯ ನೀರು. ಗಟಗಟ ಅರ್ಧ ಕುಡಿದೆ. ಉಳಿದ ಅರ್ಧವನ್ನು ಅಂಗೈಗೆ ಬಗ್ಗಿಸಿಕೊಂಡು ಮುಖ ತೊಳೆದೆ.

ಮಾತು ನಿಂತಿತು. ಅಲ್ಲಿಯವರೆಗೆ ಗಲಗಲ ಅನ್ನುತ್ತಿದ್ದ ಹೆಂಗಸರೆಲ್ಲ ಸುಮ್ಮನಾದರು. ನನ್ನ ಗಲ್ಲದಿಂದ ನೀರು ನೆಲಕ್ಕೆ ಬೀಳುವುದನ್ನು ನೋಡುತ್ತಿದ್ದರು. ನೆಲ ಅದನ್ನು ಹೀರಿಕೊಂಡು ಒಂದು ಕಪ್ಪು ಚುಕ್ಕೆ ಉಳಿಯಿತು.

ತಂಬಿಗೆ ವಾಪಸ್ಸು ತೆಗೆದುಕೊಳ್ಳುತ್ತ ಅವಳು ಕೇಳಿದಳು, ‘ಮುಂಬಯಿಚ್ಯಾ ಕಾ?’ ಮುಂಬೈಯವರಾ?

ಹೌದು, ಹೇಗೆ ಗೊತ್ತಾಯ್ತು ಅಂದೆ.

‘ಮುಖ ತೊಳೆದ್ರಲ್ಲ.’

ಕೋಪ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಬಾವಿಯೊಳಗೆ ಬಗ್ಗಿ ನೋಡಿದೆ. ತಳದಲ್ಲಿ ಒಬ್ಬ ಹುಡುಗಿ ಕೂತಿದ್ದಳು, ಏಳನೆಯದೋ ಎಂಟನೆಯದೋ ಕ್ಲಾಸಿನ ವಯಸ್ಸು. ಬಂಡೆಯ ಸಂದಿನಿಂದ ಒಸರುವ ನೀರನ್ನು ವಾಟಿಯಲ್ಲಿ ಮೊಗೆದು ಮೊಗೆದು ಕೊಡಕ್ಕೆ ಹಾಕುತ್ತಿದ್ದಳು. ಒಂದು ಕೊಡ ತುಂಬಲು ಎಷ್ಟು ಹೊತ್ತು ಅಂತ ಕೇಳಿದೆ. ‘ತುಂಬಿದಾಗ’ ಅಂದರು. ಟ್ಯಾಂಕರ್ ಬರುತ್ತದೆ, ಯಾವಾಗ ಅಂತ ಹೇಳಲಾಗುವುದಿಲ್ಲ. ಬಂದರೆ ಬಾವಿಗೇ ಸುರಿದು ಹೋಗುತ್ತದೆ.

ಇದು ಶಹಾಪುರ ತಾಲೂಕು. ತಾನ್ಸಾ ಕೆರೆ ಅಲ್ಲೇ ಬೆಟ್ಟದ ಆಚೆ. 1892ರಿಂದ ಅದರ ನೀರು ಮುಂಬೈಗೆ ಬರುತ್ತಿದೆ. ಭಾತ್ಸಾ ಅಣೆಕಟ್ಟು ಅಲ್ಲಿಯದೇ, ವೈತರಣಾ ನದಿಯ ಮೇಲಿನ ಅಣೆಕಟ್ಟುಗಳೂ ಆ ಸೀಮೆಯವೇ. ಆಳೆತ್ತರದ ಕಬ್ಬಿಣದ ಪೈಪುಗಳು ಅವರ ಹೊಲಗಳ ಪಕ್ಕದಲ್ಲೇ ಹಾದು ನಮ್ಮ ಕಡೆ ಬರುತ್ತವೆ. ಆ ನೀರು ಶುದ್ಧವಾಗಿ ನನ್ನ ಮುಲುಂಡಿನ ನಲ್ಲಿಯಲ್ಲಿ ಬೀಳುತ್ತದೆ. ನಾನು ಲೋಕಲ್‌ನ ಕಿಟಕಿಯಿಂದ ಎಷ್ಟೋ ಸಲ ಆ ಬೆಟ್ಟಗಳನ್ನು ನೋಡಿ, ಇಲ್ಲಿ ಹೋಗಬೇಕು ಅಂದುಕೊಂಡಿದ್ದೆ. ಅಲ್ಲಿಂದ ದಿನಾ ಬೆಳಿಗ್ಗೆ ಏನು ಬರುತ್ತಿದೆ ಅಂತ ಯೋಚನೆ ಮಾಡಿರಲಿಲ್ಲ.

ಆಮೇಲೆ ಆ ಪ್ರಶ್ನೆ ಬಂತು. ಬರಲೇಬೇಕಲ್ಲ. ‘ಇಥಂ ಕಶಾಲಾ ಆಲಾತ್?’ ಅಷ್ಟು ಹೊತ್ತಿಗೆ ನನ್ನ ಹತ್ತಿರ ತರತರದ ಉತ್ತರ ಇದ್ದವು. ಕೋಟೆ ನೋಡಲು, ಫೋಟೋ ತೆಗೆಯಲು, ಆರೋಗ್ಯಕ್ಕೆ, ಡಾಕ್ಟರು ನಡೆಯಲು ಹೇಳಿದ್ದಾರೆ. ಒಂದೂ ಬಾಯಿಗೆ ಬರಲಿಲ್ಲ. ‘ಉಗಾಚ್’ ಅಂದೆ. ಸುಮ್ನೆ.

‘ಉಗಾಚ್?’ ಅಂದಳು. ತಿರುಗಿ ಬಾವಿಕಟ್ಟೆಯವರಿಗೆ ಕೂಗಿ ಹೇಳಿದಳು, ಸುಮ್ನೆ ಬಂದಿದ್ದಾರಂತೆ! ಎಲ್ಲರೂ ನಕ್ಕರು. ಬಾವಿಯ ತಳದಿಂದ ಆ ಹುಡುಗಿಯ ನಗುವೂ ಗುಂಯ್ ಅಂತ ಮೇಲೆ ಬಂತು. ಅವರು ನಡೆಯುವುದು ನೀರಿಗೆ, ಸೌದೆಗೆ, ರೇಷನ್ನಿಗೆ, ತವರಿಗೆ. ಕೆಲಸವಿಲ್ಲದೆ, ಬಿಸಿಲಲ್ಲಿ, ಭಾರ ಹೊತ್ತು, ಅದೂ ಸ್ವಂತ ದುಡ್ಡು ಖರ್ಚು ಮಾಡಿಕೊಂಡು. ನಗದೆ ಏನು ಮಾಡುತ್ತಾರೆ? ನನಗೂ ನಗು ಬಂತು. ಅಪ್ಪನಿಗೆ ಕೊಟ್ಟಿದ್ದ ಉತ್ತರ ಅಷ್ಟು ವರ್ಷದ ಮೇಲೆ ಸರಿಯಾದ ಜಾಗ ಸೇರಿತು.

ಅವಳ ಮಗ ನಮ್ಮನ್ನು ಬೈಕಿನಲ್ಲಿ ಒಬ್ಬೊಬ್ಬರಾಗಿ ರಸ್ತೆಗೆ ಬಿಟ್ಟ. ನಂಬರ್ ಬರೆದುಕೊಂಡ. ಮುಂಬೈಯಲ್ಲಿ ಏನಾದರೂ ಕೆಲಸ ಇದ್ದರೆ ಫೋನ್ ಮಾಡು ಅಂದೆ. ಎಲ್ಲರೂ ಅನ್ನುವ ಮಾತು. ಯಾರೂ ಮಾಡುವುದಿಲ್ಲ ಅನ್ನುವ ಧೈರ್ಯದಲ್ಲಿ ಅನ್ನುವ ಮಾತು.

ಎರಡು ವರ್ಷ ಬಿಟ್ಟು ಫೋನ್ ಬಂತು. ಅವನ ಅಪ್ಪನಿಗೆ ಮೂತ್ರಕೋಶದ ಆಪರೇಷನ್, ಮುಂಬೈಯ ಒಂದು ಆಸ್ಪತ್ರೆಯಲ್ಲಿ. ತಾಯಿಗೆ ರಾತ್ರಿ ಇರಲು ಜಾಗ ಇಲ್ಲ. ಬನ್ನಿ ಅಂದೆ. ನಿಜ ಹೇಳಬೇಕೆಂದರೆ, ಅನ್ನುವ ಮೊದಲು ಒಂದು ಕ್ಷಣ ತಡೆದೆ. ಎಷ್ಟು ಮನೆಗಳಲ್ಲಿ ಉಂಡು ಮಲಗಿದವಳು ನಾನು, ಆದರೂ ತಡೆದೆ. ಖಿರೇಶ್ವರದ ಅಜ್ಜಿ ಲಾಟೀನು ಎತ್ತಿದಷ್ಟೇ ಹೊತ್ತು ತೆಗೆದುಕೊಂಡೆ ಅಂತ ಸಮಾಧಾನ ಮಾಡಿಕೊಂಡಿದ್ದೇನೆ.

ಆರು ದಿನ ಇದ್ದಳು. ಮಾವಶಿ, ಅಂದರೆ ಚಿಕ್ಕಮ್ಮ, ಅಂತ ನನ್ನ ಮಗಳು ಅವಳನ್ನು ಕರೆಯುತ್ತಿದ್ದಳು. ಮೊದಲ ದಿನ ಬಾಲ್ಕನಿಯಲ್ಲಿ ನಿಂತು, ಕೆಳಗಿನ ರಸ್ತೆ, ಎದುರಿನ ಕಟ್ಟಡ, ಅದರ ಹಿಂದಿನ ಕಟ್ಟಡ ಎಲ್ಲ ನೋಡಿದಳು. ನೀವು ಇಲ್ಲಿಯವರಾ ಅಂದಳು. ಅಲ್ಲ, ನಮ್ಮ ಊರು ದೂರ, ಕರ್ನಾಟಕದಲ್ಲಿ, ಸಮುದ್ರದ ಬದಿ, ಅಲ್ಲಿ ಮಳೆ ಜಾಸ್ತಿ, ಬಾವಿ ತುಂಬ ನೀರು ಅಂದೆ. ‘ನೀರಿದ್ದ ಊರು ಬಿಟ್ಟು ಇಲ್ಲಿ ಯಾಕೆ ಬಂದ್ರಿ?’ ಅಂದಳು. ಅಪ್ಪನ ಟ್ರಂಕಿನ ಕಥೆ ಹೇಳಿದೆ. ಹದಿಮೂರು ವರ್ಷದ ಹುಡುಗ, ಹೋಟೆಲು, ಒರೆಸುವ ಬಟ್ಟೆ. ಪೂರ್ತಿ ಕೇಳಿದಳು, ನಡುವೆ ನಗಲಿಲ್ಲ. ‘ಹಾಂ, ಹೊಟ್ಟೆಗೆ’ ಅಂದಳು.

ನಮ್ಮ ಸೊಸೈಟಿಯಲ್ಲಿ ಬೆಳಿಗ್ಗೆ ಐದರಿಂದ ಏಳರವರೆಗೆ ನೀರು. ಮೇಲೆ ಟ್ಯಾಂಕ್ ಇದೆ, ದಿನವಿಡೀ ನಲ್ಲಿಯಲ್ಲಿ ಬರುತ್ತಲೇ ಇರುತ್ತದೆ ಅಂತ ಅವಳಿಗೆ ಹೇಳಿದೆ. ನಂಬಲಿಲ್ಲ. ನೀರು ಬಿಡುವ ಹೊತ್ತು ಅಂತ ಒಂದು ಇದ್ದರೆ, ನಿಲ್ಲಿಸುವ ಹೊತ್ತೂ ಇರುತ್ತದೆ ಅನ್ನುವುದು ಅವಳ ಲೆಕ್ಕ. ಆರು ದಿನವೂ ಐದಕ್ಕೆ ಎದ್ದು ಅಡುಗೆಮನೆಯ ಪಾತ್ರೆಯನ್ನೆಲ್ಲ ತುಂಬಿಸಿಟ್ಟಳು. ಬೋಗುಣಿ, ಇಡ್ಲಿ ಪಾತ್ರೆ, ಪ್ರೆಷರ್ ಕುಕ್ಕರ್, ಮಿಕ್ಸಿಯ ಜಾರ್ ಕೂಡ. ಕಾಫಿ ಮಾಡಲು ಒಂದು ಖಾಲಿ ಪಾತ್ರೆ ಸಿಗುತ್ತಿರಲಿಲ್ಲ. ತುಂಬಿದ ನೀರನ್ನು ಚೆಲ್ಲಲು ನನಗೆ ಕೈ ಬರಲಿಲ್ಲ. ಆರು ದಿನ ಗಿಡಗಳಿಗೆ ಹಬ್ಬ.

ಹೊರಡುವ ದಿನ ನಾನು ಬಿಸ್ಲೇರಿ ಬಾಟಲಿ ಕೊಡಲು ಹೋದೆ. ಬೇಡ ಅಂದು ತನ್ನ ಹಳೆಯ ಬಾಟಲಿಯನ್ನು ನಲ್ಲಿಗೆ ಹಿಡಿದಳು. ತುಂಬಿದ ಮೇಲೆ ಮೂಗಿನ ಹತ್ತಿರ ತಂದು ಮೂಸಿದಳು.

‘ನಮ್ಮದೇ ನೀರು’ ಅಂದಳು. ‘ಆದರೆ ದವಾಖಾನೆಯ ವಾಸನೆ ಬಂದಿದೆ.’